ಕಿಂಡಿ ಬದಲಿಸಿದ ಕೈ

ಆ ಮಧ್ಯಾಹ್ನ ಶಿವಾಜಿನಗರದ ಶಾದಿ ಮಹಲಿನಲ್ಲಿ, ಕಿಟಕಿ ಪಕ್ಕದ ಮೇಜಿಗೆ ಕೂತಿದ್ದವರು ನಾವಿಬ್ಬರು: ನಾನು ಮತ್ತು ನಮ್ಮ ಮ್ಯಾನೇಜರ್ ವಸುಧಾ ಮೇಡಂ. ಎದುರಿಗೆ ಬಿರಿಯಾನಿ ತಾಟು ಹಿಡಿದು ಓಡಾಡುತ್ತಿದ್ದವನು ನಯೀಮ್. ಮದುಮಗಳ ಅಣ್ಣ, ನಮ್ಮ ಜೊತೆ ಕೆಲಸ ಮಾಡುವವನು. ಪರದೆಯ ಆಚೆ ಹೆಂಗಸರ ಕಡೆ ಅವನ ತಾಯಿ. ಇನ್ನು, ಕೆ.ಆರ್. ಪುರದ ಆಚೆ ನಮ್ಮ ಡೇಟಾ ಸೆಂಟರಿನಲ್ಲಿ ಡ್ಯೂಟಿಯ ಮೇಲೆ ಒಬ್ಬನೇ ಕೂತಿದ್ದವನು ಮುರುಗೇಶ. ನಾನು ಹೇಳಹೊರಟಿರುವ ಸಂಗತಿಗೆ ಇಷ್ಟು ಜನ ಸಾಕು. ಇವರನ್ನು ಬಿಟ್ಟು ಇನ್ನೊಬ್ಬರು ಅಲ್ಲೆಲ್ಲೋ ಇದ್ದರೆ, ಅವರು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇಂಥ ಕಥೆಗಳನ್ನು ನಾನು ಎಂದೂ ನಂಬಿದವನಲ್ಲ. ಹೊರಮಾವಿನಲ್ಲಿ ನಮ್ಮವರು ತರಕಾರಿ ಬೆಳೆಯುತ್ತಿದ್ದ ಕಾಲದಿಂದ ಅಜ್ಜಿಯ ಬಾಯಲ್ಲಿ ಕೆರೆಯಂಗಳದ ದೀಪದ ಕಥೆ, ಹುಣಸೆಮರದ ಕಥೆ ಎಷ್ಟು ಕೇಳಿದ್ದೇನೋ. ನಾನು ಮಾತು ಕಲಿತದ್ದೇ ಆ ಕಥೆಗಳಲ್ಲಿ. ಆದರೆ ನಂಬಿಕೆ ಮಾತ್ರ ಕಲಿಯಲಿಲ್ಲ. "ಅಜ್ಜಿ, ಆ ದೀಪ ಯಾರೋ ಬೀಡಿ ಸೇದ್ತಿದ್ದಿರಬೇಕು" ಅಂತ ನಾನು ಅಂದರೆ, "ನಿನ್ ಕಣ್ಣಿಗೆ ಬೀಡೀನೇ ಕಾಣ್ಲಿ ಬಿಡು ಮಗ, ಒಳ್ಳೇದೇ" ಅನ್ನುತ್ತಿದ್ದಳು. ಅಷ್ಟಕ್ಕೇ ಅದು ಮುಗಿದುಹೋಗುತ್ತಿತ್ತು.

ನನ್ನ ಕೆಲಸವೂ ಅನುಮಾನದ ಕೆಲಸವೇ. ಲಿನಕ್ಸ್ ಕರ್ನಲ್ ಇಂಜಿನಿಯರ್ ಅಂದರೆ ಹಲಸೂರಿನ ನಮ್ಮ ಮನೆ ಓನರ್ ತಾತ "ಯಾವ ರೆಜಿಮೆಂಟಪ್ಪಾ?" ಅಂತ ಕೇಳಿದ್ದರು. ಮಿಲಿಟರಿಗೂ ಇದಕ್ಕೂ ಸಂಬಂಧವಿಲ್ಲ. ಸರ್ವರ್ ಎನ್ನುವ ಯಂತ್ರ ಆನ್ ಆದ ಕೂಡಲೇ ಮೊದಲು ಎದ್ದು, ಎಲ್ಲರಿಗಿಂತ ಕೊನೆಗೆ ಮಲಗುವ ತಂತ್ರಾಂಶ ಈ ಕರ್ನಲ್. ಮೆಮೊರಿ ಯಾರಿಗೆ ಎಷ್ಟು ಹಂಚಬೇಕು, ಡಿಸ್ಕಿಗೆ ಯಾವಾಗ ಬರೆಯಬೇಕು, ನೆಟ್‌ವರ್ಕ್ ತಂತಿಯಲ್ಲಿ ಬಂದದ್ದನ್ನು ಯಾರ ಕೈಗೆ ಕೊಡಬೇಕು, ಎಲ್ಲವೂ ಮನೆಯ ಹಿರಿಸೊಸೆಯ ಹಾಗೆ ಅದರ ತಲೆಯ ಮೇಲೆ. ತನಗೆ ಆದದ್ದನ್ನೆಲ್ಲ ಅದು ಸಮಯದ ಸಮೇತ ಸಾಲುಸಾಲಾಗಿ ಬರೆಯುತ್ತಾ ಹೋಗುತ್ತದೆ, ಅದನ್ನೇ ಲಾಗ್ ಅನ್ನುತ್ತಾರೆ. ಯಾರಾದರೂ ತಂತಿ ಕಿತ್ತರೆ 'ಲಿಂಕ್ ಡೌನ್' ಅನ್ನುತ್ತದೆ, ಚುಚ್ಚಿದರೆ 'ಲಿಂಕ್ ಅಪ್' ಅನ್ನುತ್ತದೆ. ಕಿತ್ತವರು ಯಾರು, ಚುಚ್ಚಿದವರು ಯಾರು ಎನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ನಾವು ಇಂದಿರಾನಗರದ ಆಫೀಸಿನಲ್ಲಿ ಕೂತು ಆ ಸಾಲುಗಳನ್ನು ಓದುತ್ತೇವೆ. ಯಂತ್ರಗಳು ಇರುವುದು ಕೆ.ಆರ್. ಪುರದ ಆಚೆ. ನಡುವೆ ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕು ಇರುವುದರಿಂದ ನಾವು ಅಲ್ಲಿಗೆ ಹೋಗುವುದು ಅಪರೂಪ.

ಅಲ್ಲಿ ಕೈಕೆಲಸ ಮಾಡುವವರು ನಯೀಮ್ ಮತ್ತು ಮುರುಗೇಶ. ಒಬ್ಬ ಶಿವಾಜಿನಗರದವನು, ಇನ್ನೊಬ್ಬ ಹಲಸೂರಿನವನು. ಮನೆಯಲ್ಲಿ ಒಬ್ಬನದು ದಖ್ಖನಿ, ಒಬ್ಬನದು ತಮಿಳು. ಬೈದಾಡುವುದು ಮಾತ್ರ ಕನ್ನಡದಲ್ಲಿ. ಮುರುಗೇಶ ತಂತಿಯನ್ನು ಒಂದೇ ಏಟಿಗೆ ಚುಚ್ಚಿ ಎದ್ದುಬಿಡುತ್ತಿದ್ದ. ನಯೀಮನದು ಬೇರೆ ರೀತಿ. ಚುಚ್ಚುತ್ತಾನೆ, ತಕ್ಷಣ ಕೀಳುತ್ತಾನೆ, ಒಂದು ಉಸಿರು ತಡೆದು ಮತ್ತೆ ಚುಚ್ಚುತ್ತಾನೆ. ಕಮರ್ಷಿಯಲ್ ಸ್ಟ್ರೀಟಿನ ಹಿಂದೆ ಅವನ ಚಿಕ್ಕಪ್ಪನ ಆಂಪ್ಲಿಫೈಯರ್ ರಿಪೇರಿ ಅಂಗಡಿ ಇತ್ತು, ಅಲ್ಲಿ ಕಲಿತದ್ದಂತೆ. "ಮೊದಲ್ನೇ ಸಲ ಕೂತಿದ್ದನ್ನ ನಂಬ್ಬೇಡ ಅಂತ ಚಾಚಾ ಹೇಳ್ಕೊಟ್ಟಿದ್ದು ಸಾರ್" ಅನ್ನುತ್ತಿದ್ದ. ಹೀಗಾಗಿ ಅವನು ಮುಟ್ಟಿದ ಯಂತ್ರದಲ್ಲೆಲ್ಲ ಅಪ್, ಡೌನ್, ಮತ್ತೆ ಅಪ್ ಅಂತ ಮೂರು ಸಾಲು ಬರುತ್ತಿತ್ತು. ನಾವು ಅದಕ್ಕೆ 'ನಯೀಮನ ಸಲಾಂ' ಅಂತ ಹೆಸರಿಟ್ಟಿದ್ದೆವು. ಆ ಸಾಲು ಕಂಡರೆ ನಮ್ಮ ಚಾಟ್ ಗುಂಪಿನಲ್ಲಿ ಯಾರಾದರೊಬ್ಬರು 'ವಾಲೇಕುಂ' ಅಂತ ಹಾಕುವುದು ರೂಢಿಯಾಗಿತ್ತು.

ಆ ದಿನಗಳಲ್ಲಿ ಒಂದು ಸರ್ವರ್ ನಮ್ಮನ್ನು ಸತಾಯಿಸುತ್ತಿತ್ತು. ಚೆನ್ನಾಗಿಯೇ ಇರುವುದು, ಇದ್ದಕ್ಕಿದ್ದ ಹಾಗೆ ನೆಟ್‌ವರ್ಕಿನಿಂದ ಕಳಚಿಕೊಂಡು ಮಾಯವಾಗುವುದು, ಸ್ವಲ್ಪ ಹೊತ್ತಿಗೆ ತಾನಾಗಿ ಬರುವುದು. ನೆಟ್‌ವರ್ಕ್ ಕಾರ್ಡನ್ನು ನಡೆಸುವ ಕರ್ನಲ್ ಭಾಗವನ್ನು ನಾನೇ ಸ್ವಲ್ಪ ಮುಂಚೆ ತಿದ್ದಿದ್ದೆ. ಎಲ್ಲರ ಬೆರಳೂ ಅದರ ಕಡೆಗೆ, ನನ್ನ ಬೆರಳೂ ಅದರ ಕಡೆಗೇ. ನಯೀಮ್ ಒಬ್ಬನೇ ಬೇರೆ ಮಾತು ಹೇಳುತ್ತಿದ್ದ. "ಕರ್ನಲ್‌ನ ಸುಮ್ನೆ ಬೈಬೇಡಿ ಸಾರ್. ಆ ಕಾರ್ಡಲ್ಲಿ ಎರಡು ಕಿಂಡಿ ಇದೆ. ಮೊದಲ್ನೇ ಕಿಂಡಿ ಲೂಸಾಗಿದೆ. ವೈರನ್ನ ಎರಡ್ನೇದಕ್ಕೆ ಹಾಕಿದ್ರೆ ಆಯ್ತು." ಎರಡು ಕಿಂಡಿಯಲ್ಲಿ ಯಾವುದರಲ್ಲಿ ತಂತಿ ಇದ್ದರೂ ಯಂತ್ರ ನಡೆಯುವಂತೆ ನಾವು ಮೊದಲೇ ವ್ಯವಸ್ಥೆ ಮಾಡಿದ್ದೆವು, ಹಾಗಾಗಿ ಅವನು ಹೇಳಿದ್ದು ಆಗದ ಕೆಲಸವೇನಲ್ಲ.

ಆದರೆ ನಮ್ಮ ದೊಡ್ಡ ಗಿರಾಕಿಯೊಬ್ಬರ ಹಬ್ಬದ ಮಾರಾಟ ಶುರುವಾಗಿತ್ತು. ಅಂಥ ಹೊತ್ತಿನಲ್ಲಿ ನಮ್ಮಲ್ಲಿ 'ಫ್ರೀಜ್' ಅಂತ ಮಾಡುತ್ತಾರೆ. ಸರ್ವರ್ ರೂಮಿನೊಳಗೆ ಯಾರೂ ಹೋಗುವಂತಿಲ್ಲ, ಒಂದು ಸ್ಕ್ರೂ ತಿರುಗಿಸುವಂತಿಲ್ಲ. ಹೇಳದೆ ಮುಟ್ಟಿದವನ ಕೆಲಸ ಹೋದ ಹಾಗೆಯೇ. ನಯೀಮ್ ಮೀಟಿಂಗಿನಲ್ಲಿ ಬಿಡದೆ ಕೇಳಿದ. "ಎರಡು ನಿಮಿಷ ಕೊಡಿ ಮೇಡಂ, ಕೈ ತುರಿಸ್ತಿದೆ ನಂಗೆ."

"ನಯೀಮ್, ತಂಗಿ ಮದುವೆ ಇದೆ ತಾನೆ?" ಅಂದರು ಮೇಡಂ. "ಕೈ ತುರಿಸಿದ್ರೆ ಹೋಗಿ ಮೆಹಂದಿ ಹಾಕ್ಸ್ಕೊಳ್ಳಿ."

ಎಲ್ಲರೂ ನಕ್ಕರು. ಅವನೂ ನಕ್ಕ. ಆಮೇಲೆ ಈ 'ಕೈ ತುರಿಸ್ತಿದೆ' ಎನ್ನುವ ಮಾತು ವಿಚಾರಣೆಯಲ್ಲಿ ಅವನ ವಿರುದ್ಧವೇ ಬಂತು.

ಮದುವೆ ಬಿದ್ದದ್ದು ಫ್ರೀಜಿನ ನಡುವೆಯೇ. ಆ ದಿನ ಯಂತ್ರಗಳ ಮೇಲೆ ಕಣ್ಣಿಡುವ ಸರದಿ ನನ್ನದು, ಹಾಗಾಗಿ ಲ್ಯಾಪ್‌ಟಾಪ್ ಹೊತ್ತೇ ಹೋಗಿದ್ದೆ. ನಯೀಮ್ ನಮ್ಮನ್ನು ಬಾಗಿಲಲ್ಲೇ ಹಿಡಿದು ಕಿಟಕಿ ಪಕ್ಕ ಕೂರಿಸಿದ. "ಇಲ್ಲಿ ಸಿಗ್ನಲ್ ಚೆನ್ನಾಗಿ ಬರುತ್ತೆ ಸಾರ್. ಮದುವೆಗೆ ಲ್ಯಾಪ್‌ಟಾಪ್ ತಂದಿರೋ ಮೊದಲ್ನೇ ಬೀಗರು ನೀವು." ಮೇಡಂ ಮಾಂಸ ತಿನ್ನುವುದಿಲ್ಲ ಅಂತ ಅವರಿಗಾಗಿ ಬೇರೆ ಪಲಾವ್ ಮಾಡಿಸಿದ್ದ. "ಬೇರೆ ಸೌಟು, ಬೇರೆ ಪಾತ್ರೆ. ಡೌಟ್ ಇದ್ರೆ ಲಾಗ್ ತೋರಿಸ್ತೀನಿ" ಅಂತ ಹೇಳಿ ಅವರನ್ನೂ ನಗಿಸಿದ.

ಊಟ ಶುರುವಾಯಿತು. ಲ್ಯಾಪ್‌ಟಾಪನ್ನು ಕಿಟಕಿಯ ಕಟ್ಟೆಯ ಮೇಲೆ ತೆರೆದಿಟ್ಟಿದ್ದೆ. ಆ ಸತಾಯಿಸುವ ಸರ್ವರಿನ ಸಾಲುಗಳು ಅದರಲ್ಲಿ ಕಾಣುತ್ತಿದ್ದವು. ಯಂತ್ರದ ಮುಖ್ಯ ತಂತಿ ಹೋದರೂ ಸುದ್ದಿ ತಿಳಿಯಲಿ ಅಂತ ಬೇರೆಯೇ ಒಂದು ಸಣ್ಣ ತಂತಿ ಇರುತ್ತದೆ, ಅದರ ಮೂಲಕ ನೋಡುತ್ತಿದ್ದೆ. ನಯೀಮ್ ಪಕ್ಕದ ಸಾಲಿನಲ್ಲಿ, ನಮ್ಮಿಂದ ಕೂಗಳತೆಗಿಂತ ಹತ್ತಿರದಲ್ಲಿ, ಬಗ್ಗಿ ಬಗ್ಗಿ ಬಡಿಸುತ್ತಿದ್ದ.

ಆಗ ಒಂದು ಸಾಲು ಬಂತು. ಮೊದಲನೇ ಕಿಂಡಿ, ಲಿಂಕ್ ಡೌನ್.

ಮತ್ತೆ ಕಳಚಿಕೊಂಡಿತು, ನನ್ನ ಗ್ರಹಚಾರ, ಅಂದುಕೊಂಡೆ. ತಾನಾಗಿ ಬರುತ್ತದೆ ಅಂತ ಕಾದೆ. ಬಂದದ್ದು ಬೇರೆ. ಎರಡನೇ ಕಿಂಡಿ, ಲಿಂಕ್ ಅಪ್. ಅದರ ಬೆನ್ನಿಗೇ ಲಿಂಕ್ ಡೌನ್. ಒಂದು ಉಸಿರು. ಮತ್ತೆ ಲಿಂಕ್ ಅಪ್.

ಓದುವವರು ಇಲ್ಲಿ ಒಂದು ಸಂಗತಿ ಗಮನಿಸಬೇಕು. ಸಡಿಲವಾದ ಕಿಂಡಿಯಲ್ಲಿ ತಂತಿ ಇದ್ದಲ್ಲೇ ಅಲುಗಾಡಿ ಹೋಗಿ ಬರಬಹುದು. ಆದರೆ ಎರಡನೇ ಕಿಂಡಿ ಖಾಲಿ ಇತ್ತು. ಖಾಲಿ ಕಿಂಡಿಯಲ್ಲಿ ಲಿಂಕ್ ಬರಬೇಕಾದರೆ ಯಾರಾದರೂ ತಂತಿಯನ್ನು ಒಂದರಿಂದ ಕಿತ್ತು ಇನ್ನೊಂದಕ್ಕೆ ಚುಚ್ಚಲೇಬೇಕು. ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ನಮ್ಮ ಚಾಟ್ ಗುಂಪಿನಲ್ಲಿ, ಇಂದಿರಾನಗರದಿಂದ ಏನೂ ಅರಿಯದ ಯಾರೋ ಒಬ್ಬರು ಎಂದಿನಂತೆ 'ವಾಲೇಕುಂ' ಅಂತ ಹಾಕಿದರು.

"ಯಾರು ಮುಟ್ಟಿದ್ದು ಅದನ್ನ?" ಅಂದರು ಮೇಡಂ. ಅವರೂ ಲ್ಯಾಪ್‌ಟಾಪನ್ನೇ ನೋಡುತ್ತಿದ್ದರು.

ಇಬ್ಬರೂ ಒಟ್ಟಿಗೆ ತಲೆಯೆತ್ತಿದೆವು. ನಯೀಮ್ ಅಲ್ಲೇ ಇದ್ದ. ಕ್ರೀಮ್ ಬಣ್ಣದ ಜುಬ್ಬಾ, ಎಡಗೈಯಲ್ಲಿ ತಾಟು. "ನಯೀಮ್!" ಅಂತ ಕೂಗಿದೆ. ಅವನು ತಿರುಗದೆ ಬಲಗೈ ಎತ್ತಿ, ತಡೆಯಿರಿ ಅನ್ನುವ ಹಾಗೆ ತೋರಿಸಿ, ಪರದೆ ಸರಿಸಿ ಹೆಂಗಸರ ಕಡೆ ಹೋದ.

ಅವನು ಬರುವ ಹೊತ್ತಿಗೆ ನಮ್ಮ ತಟ್ಟೆಯ ಊಟ ಆರಿತ್ತು. ಕೈ ಒರೆಸಿಕೊಳ್ಳುತ್ತಾ "ಏನ್ ಸಾರ್, ಉಪ್ಪು ಕಮ್ಮಿ ಆಯ್ತಾ?" ಅಂದ. ನಾನು ಲ್ಯಾಪ್‌ಟಾಪ್ ಅವನ ಕಡೆ ತಿರುಗಿಸಿದೆ. ಓದಿದ. ಮುಖದ ಮೇಲಿನ ನಗು ಇಳಿದುಹೋಯಿತು.

"ಇದು ನಾನು" ಅಂದ. ಮರುಕ್ಷಣವೇ, "ಅಲ್ಲಲ್ಲ, ನಾನ್ ಮಾಡೋ ತರಾನೇ ಇದೆ ಅಂದೆ. ನಾನ್ ಇಲ್ಲಿದೀನಲ್ಲ ಮೇಡಂ!"

ಮೇಡಂ ಮುರುಗೇಶನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ಒಳಗೆ ಯಾರಿದ್ದಾರೆ ಅಂತ ಕೇಳಿದರೆ, "ಯಾರೂ ಇಲ್ಲ ಮೇಡಂ, ಬಾಗ್ಲು ಹಾಕ್ಕೊಂಡು ಹೊರ್ಗಡೆ ಕೂತಿದೀನಿ. ನಯೀಮ್ ಅಲ್ಲೇ ಇದಾನಾ? ಬಿರಿಯಾನಿ ಪಾರ್ಸೆಲ್ ಅಂದಿದ್ದ, ಮರೆತ್ನಾ ಕೇಳಿ" ಅಂದ. ಒಳಗೆ ಹೋಗಿ ನೋಡು ಅಂದರು. ಬಾಗಿಲು ತೆರೆದ ಸದ್ದು, ಆಮೇಲೆ ಫ್ಯಾನುಗಳ ಮೊರೆತ. ಸರ್ವರ್ ಇಟ್ಟಿದ್ದ ಬೀರುವಿನ ಬೀಗ ತೆಗೆದದ್ದೂ ಕೇಳಿಸಿತು.

"ಮೇಡಂ, ವೈರು ಎರಡ್ನೇದ್ರಲ್ಲಿದೆ. ಮೊದಲ್ನೇದು ಖಾಲಿ. ನಾನ್ ಮುಟ್ಟಿಲ್ಲ ಮೇಡಂ, ಅಮ್ಮನಾಣೆ."

"ಹಾಗೇ ಬಿಡು ಮಗಾ, ಕೈ ಹಾಕ್ಬೇಡ" ಅಂತ ನಯೀಮ್ ಇಲ್ಲಿಂದ ಕೂಗಿದ.

ಸರ್ವರ್ ರೂಮಿನ ಬಾಗಿಲು ಕಾರ್ಡ್ ತೋರಿಸಿದರೆ ಮಾತ್ರ ತೆರೆಯುತ್ತದೆ. ಆಮೇಲೆ ಅದರ ದಾಖಲೆ ನೋಡಿದೆವು, ಮುರುಗೇಶ ಆಗ ಒಳಗೆ ಹೋದದ್ದನ್ನು ಬಿಟ್ಟರೆ ಬೆಳಗಿನಿಂದ ಆ ಬಾಗಿಲು ತೆರೆದಿರಲಿಲ್ಲ. ಕ್ಯಾಮೆರಾದಲ್ಲಿ ಬೀರುಗಳ ನಡುವಿನ ಓಣಿಯ ಎರಡು ತುದಿಗಳು ಕಾಣುತ್ತವೆ, ಆ ಹೊತ್ತಿನಲ್ಲಿ ಎರಡೂ ಖಾಲಿ. ಬೀರುವಿನ ಕೀಲಿ ಅಲ್ಲಿಯವರೆಗೂ ಮುರುಗೇಶನ ಮೇಜಿನಲ್ಲೇ ಇತ್ತು.

ವಾಪಸು ಬರುವಾಗ ಹಲಸೂರು ಕೆರೆಯ ಹತ್ತಿರ ಕಾರು ಸಿಗ್ನಲ್ಲಿಗೆ ನಿಂತಾಗ ಮೇಡಂ ಬಾಯಿಬಿಟ್ಟರು. "ಅವನು ಅಲ್ಲಿ ಇದ್ದದ್ದೇ ನನಗೆ ಅನುಮಾನ."

"ಅದ್ಹೇಗೆ ಮೇಡಂ? ಇದ್ದನಲ್ಲ, ಅದೇ ಸಾಕ್ಷಿ ಅಲ್ವಾ?"

"ನಮ್ಮಿಬ್ಬರನ್ನೂ ಕರೆದ. ಸಿಗ್ನಲ್ ಬರೋ ಕಡೆ ಕೂರಿಸಿದ. ನಮ್ಮ ಕಣ್ಣೆದುರಿಗೇ ಓಡಾಡ್ದ. ಇಷ್ಟು ಒಳ್ಳೆ ಸಾಕ್ಷಿ ಸುಮ್ಸುಮ್ನೆ ಯಾರಿಗೂ ಸಿಗಲ್ಲ ಕಣ್ರೀ. ಮುರುಗೇಶನ ಕೈಲಿ ಮಾಡಿಸಿದಾನೆ."

ಆ ಮಾತು ನನ್ನ ತಲೆಗೂ ಹೊಕ್ಕಿತು. ಅನುಮಾನ ಒಳಗೆ ಬಂದರೆ ನೋಡಿ, ಮನೆಯ ಪಾತ್ರೆ ಪಗಡವೆಲ್ಲ ಕಳ್ಳಮಾಲಿನ ಹಾಗೆ ಕಾಣತೊಡಗುತ್ತದೆ. ನಯೀಮ್ ಯಾಕೆ 'ಇದು ನಾನು' ಅಂದ? ಮುರುಗೇಶ ಯಾಕೆ ಕೇಳದೆಯೇ ಆಣೆ ಇಟ್ಟ? ಮೇಡಂ ಯಾಕೆ ಅಷ್ಟು ಬೇಗ ತೀರ್ಮಾನಕ್ಕೆ ಬಂದರು? ಕಾರ್ಡಿನ ಬಾಗಿಲನ್ನು ತಪ್ಪಿಸುವ ದಾರಿ ಏನಾದರೂ ಇದೆಯೇ ಅಂತ ಸೆಕ್ಯೂರಿಟಿಯವರನ್ನು ಕಾಡಿದೆ. ಇಲ್ಲ ಅಂದರು. ಅವರ ಮೇಲೂ ಅನುಮಾನ ಬಂತು. ನನ್ನದೇ ತಿದ್ದುಪಡಿ ಸುಳ್ಳು ಸಾಲು ಬರೆಯಿತೇ ಅಂತ ಅದನ್ನೂ ಕೆದಕಿದೆ. ತಂತಿ ನಿಜವಾಗಿ ಎರಡನೇ ಕಿಂಡಿಯಲ್ಲಿದ್ದಾಗ ಅದನ್ನು ದೂರಿ ಪ್ರಯೋಜನವಿಲ್ಲ.

ಕೊನೆಗೆ ಒಂದು ಪರೀಕ್ಷೆ ಮಾಡಿದೆ. ಇಂದಿರಾನಗರದ ಆಫೀಸಿನಲ್ಲಿ ಅಂಥದ್ದೇ ಒಂದು ಸರ್ವರನ್ನು ಮೇಜಿನ ಮೇಲಿಟ್ಟು ಮುರುಗೇಶನನ್ನು ಕರೆಸಿ, ನಯೀಮನ ಹಾಗೆ ಸಲಾಂ ಹೊಡಿ ನೋಡೋಣ ಅಂದೆ. ಪಾಪ, ಮನಸ್ಸಿಟ್ಟು ಮಾಡಿದ. ಒಂದು ಸಲ ಆತುರ, ಒಂದು ಸಲ ನಿಧಾನ, ಒಂದು ಸಲ ಕೀಳುವುದನ್ನೇ ಮರೆತ. "ನಂಗೆ ಬರಲ್ಲ ಸಾರ್, ನಂದು ಒಂದೇ ಏಟು" ಅಂತ ಬೆವರು ಒರೆಸಿಕೊಂಡ. ಆಮೇಲೆ ನಯೀಮ್ ಮಾಡಿದ. ಎಷ್ಟು ಸಲ ಮಾಡಿಸಿದರೂ ಆ ಉಸಿರು ಒಂದೇ ಅಳತೆ. ಮದುವೆ ದಿನದ ಸಾಲುಗಳ ಪಕ್ಕದಲ್ಲಿಟ್ಟು ನೋಡಿದೆ. ಅದೇ ಅಳತೆ. ನೋಡುತ್ತಾ ನಿಂತಿದ್ದ ನಯೀಮ್ "ಏನಂತೆ ಸಾರ್?" ಅಂತ ಕೇಳಿದ. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ವಿಚಾರಣೆ ನಡೆಯಿತು. ಹಬ್ಬದ ಮಾರಾಟಕ್ಕೆ ಏನೂ ತೊಂದರೆಯಾಗಿರಲಿಲ್ಲ. ಕಿಂಡಿ ಬದಲಾದ ಮೇಲೆ ಆ ಸರ್ವರ್ ಒಮ್ಮೆಯೂ ಕಳಚಿಕೊಳ್ಳಲಿಲ್ಲ. ಆದರೂ ನಿಯಮ ನಿಯಮವೇ. ಕೋಣೆಯ ಒಂದು ಬದಿಗೆ ನಯೀಮ್, ಇನ್ನೊಂದು ಬದಿಗೆ ಮುರುಗೇಶ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ದಿನಾ ಬೈದಾಡುತ್ತಿದ್ದವರು ಈಗ ಮಾತೇ ಬಿಟ್ಟಿದ್ದರು. ಮೇಲಿನವರು ನನ್ನನ್ನು ನೇರವಾಗಿ ಕೇಳಿದರು: ಈ ಸಾಲುಗಳನ್ನು ನೋಡಿದರೆ ಇದು ನಯೀಮನ ಕೈ ಅಂತ ಹೇಳಬಹುದಾ?

ಹೌದು ಅಂದರೆ ನಯೀಮನ ಕೆಲಸ ಹೋಗುತ್ತಿತ್ತು. ತಂಗಿಯ ಮದುವೆ ಮಾಡಿ ಇನ್ನೂ ಉಸಿರು ಬಿಟ್ಟಿರದ ಮನೆ ಅದು. ಅಲ್ಲ, ಬೇರೆಯವರು ಅಂದರೆ ಅಲ್ಲಿದ್ದವನು ಮುರುಗೇಶ ಒಬ್ಬನೇ. ನಾನು ಹೇಳಿದೆ: "ಒಂದು ತಂತಿ ಒಂದು ಕಿಂಡಿಯಿಂದ ಇನ್ನೊಂದಕ್ಕೆ ಹೋಗಿದೆ. ಕರ್ನಲ್ ಹೇಳೋದು ಇಷ್ಟೇ. ಅದಕ್ಕಿಂತ ಹೆಚ್ಚು ಹೇಳಿದರೆ ಅದು ನನ್ನ ಮಾತಾಗುತ್ತೆ. ನನ್ನ ಮಾತು ಬೇಕು ಅಂದರೆ, ನಯೀಮ್ ನನ್ನ ಕಣ್ಣ ಮುಂದೆ ಇದ್ದ. ಮೇಡಂ ಕಣ್ಣ ಮುಂದೆಯೂ ಇದ್ದ." ಮೇಡಂ ಪೆನ್ನಿನ ಮುಚ್ಚಳ ಹಾಕಿ "ಹೌದು, ಇದ್ದ" ಅಂದರು. ಇಬ್ಬರ ಕೆಲಸವೂ ಉಳಿಯಿತು.

ಉಳಿದ ಕೆಲಸವನ್ನು ನಯೀಮ್ ಮೊದಲಿನಂತೆ ಮಾಡಲಿಲ್ಲ. ಸರ್ವರ್ ರೂಮು ಬೇಡ, ಕಲ್ಯಾಣ ನಗರದಲ್ಲಿ ಹೊಸ ಯಂತ್ರಗಳನ್ನು ಇಳಿಸಿ ಬಿಚ್ಚುವ ಗೋಡೌನಿಗೆ ಹಾಕಿ ಅಂತ ತಾನಾಗಿ ಕೇಳಿಕೊಂಡು ಹೋದ. ಯಾಕೋ ಅಂದರೆ "ಅಲ್ಲಿ ಎಸಿ ಜಾಸ್ತಿ ಸಾರ್, ಮೈ ಕೊರೆಯುತ್ತೆ" ಅಂದ. ನಾನು ಮತ್ತೆ ಕೆದಕಲಿಲ್ಲ. ಆ ಸಾಲುಗಳನ್ನು ಎಷ್ಟೋ ಸಲ ಓದಿದ್ದೇನೆ. ತಿಳಿದವರ ಮುಂದೆ ಇಟ್ಟಿದ್ದೇನೆ. ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ಯಾವುದನ್ನು ಒಪ್ಪಿದರೂ ಒಂದು ಬಾಗಿಲೋ, ಒಂದು ಬೀಗವೋ ಅಡ್ಡ ಬರುತ್ತದೆ.

ಮುಂದಿನ ರಂಜಾನ್ ಹಬ್ಬಕ್ಕೆ ನಯೀಮ್ ಮನೆಗೆ ಕರೆದಿದ್ದ. ಮಸೀದಿಯ ಹಿಂದಿನ ಗಲ್ಲಿಯಲ್ಲಿ ಮಹಡಿಯ ಮೇಲೆ ಎರಡು ಕೋಣೆಯ ಮನೆ. ಹೊಸ ಅಳಿಯ ಬರುತ್ತಾನೆ ಅಂತ ಐಸ್‌ಕ್ರೀಮ್ ತರಲು ಅವನು ಕೆಳಗಿಳಿದು ಹೋದ. ಅವನ ತಾಯಿ ನನ್ನ ಮುಂದೆ ಹಾಲು ಶ್ಯಾವಿಗೆಯ ಶೀರ್ ಖುರ್ಮಾದ ಬಟ್ಟಲು ಇಟ್ಟು, ಹೋಗದೆ ಅಲ್ಲೇ ನಿಂತರು.

"ಬೇಟಾ, ಮದ್ವೆ ದಿನ ಊಟದ ಹೊತ್ನಲ್ಲಿ ನಯೀಮ್ ಎಲ್ಲಿದ್ದ?"

ವಿಚಾರಣೆಯ ಭಯ ಇನ್ನೂ ಹೋಗಿಲ್ಲ ಅಂದುಕೊಂಡೆ. "ಅಮ್ಮೀ, ಅದೆಲ್ಲ ಮುಗಿದುಹೋಯ್ತು. ನಮ್ಮ ಮುಂದೆಯೇ ಇದ್ದ, ನಾನೇ ಕಣ್ಣಾರೆ ನೋಡಿದೀನಿ. ಆಫೀಸಲ್ಲೂ ಹಾಗೇ ಹೇಳಿದೀನಿ."

"ಆಫೀಸ್ ಮಾತಲ್ಲ ಬೇಟಾ." ಅವರು ಮೆಟ್ಟಿಲ ಕಡೆ ಒಮ್ಮೆ ನೋಡಿದರು. "ನಮ್ ಕಡೆ ಬಂದ. ನನ್ ತಟ್ಟೆಗೆ ಹಾಕ್ದ. ಬಸ್, ಸಾಕು ಅಂದೆ, ಕೇಳ್ಲಿಲ್ಲ. ಬಸ್ ರೇ, ಬಸ್ ಅಂದೆ. ತಟ್ಟೆ ತುಂಬಿ ನನ್ ಸೀರೆ ಮೇಲೆ ಬೀಳ್ತಾ ಇದೆ, ಹಾಕ್ತಾನೇ ಇದಾನೆ. ಮುಖ ನೋಡ್ದೆ. ಅವ್ನಿಗೆ ನಾನ್ ಯಾರು ಅಂತ ಗೊತ್ತೇ ಇರ್ಲಿಲ್ಲ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದರು: "ನೀವ್ ನೋಡಿದ್ದು ನನ್ ಮಗನ್ನೇನಾ?"

ಅಷ್ಟರಲ್ಲೇ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ನಯೀಮ್ ಐಸ್‌ಕ್ರೀಮ್ ಡಬ್ಬಿ ಹಿಡಿದು ಒಳಗೆ ಬಂದ. "ಏನ್ ಸಾರ್, ಬಟ್ಟಲು ಖಾಲೀನೇ ಆಗಿಲ್ಲ" ಅಂತ ಡಬ್ಬಿ ಕೆಳಗಿಟ್ಟು, ಪಾತ್ರೆ ಎತ್ತಿಕೊಂಡು ನನ್ನ ಬಟ್ಟಲಿಗೆ ಸುರಿಯತೊಡಗಿದ.

"ಬಸ್" ಅಂದೆ.

ಅವನ ಕೈ ತಕ್ಷಣ ನಿಂತಿತು. ಅಮ್ಮಿ ಆ ಕೈಯನ್ನೇ ನೋಡುತ್ತಿದ್ದರು. ಆಮೇಲೆ ಅವನ ಕೈಯಿಂದ ಪಾತ್ರೆ ತೆಗೆದುಕೊಂಡು ಒಳಗೆ ಹೋದರು.